ಗ್ವಾಡಿಯವನು

ಗ್ವಾಡಿಯವನು ಸತ್ತ ಸುದ್ದಿ ಫೋನಿನಲ್ಲಿ ಬಂತು. ಮೆಲ್ಬರ್ನಿನ ನಮ್ಮ ಕನ್ನಡದವರ ಗ್ರೂಪಿನಲ್ಲಿ ಯಾರೋ ಅವನ ಫೋಟೋ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಎಲ್ಲ ಬರೆದಿದ್ದರು. ಮಗ ಓದಿ ಹೇಳುವ ತನಕ ಅವನಿಗೆ ಅಷ್ಟುದ್ದದ ಹೆಸರಿದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಆ ಹೆಸರು ಹಿಡಿದು ಕರೆದವರಲ್ಲ. ಅವನು ಗದಗಿನ ಕಡೆಯವನು, ಗೋಡೆಗೆ ಗ್ವಾಡಿ ಅನ್ನುತ್ತಿದ್ದ. ಬೆಂಗಳೂರು, ಮೈಸೂರಿನ ಹುಡುಗರಿಗೆ ಅದನ್ನು ಕೇಳಿದರೆ ನಗು. ನಗುತ್ತಲೇ ಗ್ವಾಡಿಯವನು ಅಂತ ಇಟ್ಟರು, ಅದೇ ನಿಂತಿತು. ನಾನೂ ಇಲ್ಲಿ ಅದನ್ನೇ ಬರೆಯುತ್ತೇನೆ. ಇಲ್ಲಿಯವರಿಗೆ ಅಷ್ಟು ಸಾಕು, ಯಾರು ಅಂತ ತಿಳಿಯುತ್ತದೆ.

ಇಲ್ಲಿಯ ಕನ್ನಡ ಸಂಘದ ಈ ವಾರ್ಷಿಕ ಸಂಚಿಕೆಯಲ್ಲಿ ಸತ್ತವರ ಬಗ್ಗೆ ಬರೆಯುವವರೆಲ್ಲ ಸರಳ ಜೀವಿ, ಸ್ನೇಹಜೀವಿ, ಸದಾ ನಗುಮೊಗ ಅಂತ ಬರೆಯುತ್ತಾರೆ. ಇವನು ಸ್ನೇಹಜೀವಿಯಲ್ಲ. ಮುಖದಲ್ಲಿ ನಗು ಕಾಣುತ್ತಿದ್ದದ್ದು ಇನ್ನೊಬ್ಬರ ಮನೆಯಲ್ಲಿ ಏನಾದರೂ ಕೆಟ್ಟಾಗ ಮಾತ್ರ. ಬಾಯಿ ಬಿಟ್ಟರೆ ಚುಚ್ಚುತ್ತಿದ್ದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಯ ಮಾಡಿ ಬರೆಯಲು ಬರುವುದಿಲ್ಲ.

ಗಿಡ್ಡ ಆಳು, ಅಗಲ ಅಂಗೈ, ಒಂದೊಂದು ಬೆರಳೂ ಏಲಕ್ಕಿ ಬಾಳೆಹಣ್ಣಿನಷ್ಟು ದಪ್ಪ. ಹುಬ್ಬಿನಲ್ಲಿ, ಕಿವಿಯಲ್ಲಿ ಯಾವಾಗಲೂ ಬೂದು ಬಣ್ಣದ ಅರಳೆ ಅಂಟಿಕೊಂಡಿರುತ್ತಿತ್ತು. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಯುಗಾದಿ ಕಾರ್ಯಕ್ರಮಕ್ಕೆ ಬಂದರೂ ಎಲ್ಲೋ ಒಂದೆಳೆ ಉಳಿದಿರುತ್ತಿತ್ತು. ರೇಷ್ಮೆ ಸೀರೆಯವರು ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಅವನು ಬೇಕಂತಲೇ ಹೋಗಿ ಅವರ ಪಕ್ಕದಲ್ಲೇ ಕೂರುತ್ತಿದ್ದ.

ಅವನ ಕೆಲಸ ಏನು ಅಂತ ಊರಿನಿಂದ ಹೊಸದಾಗಿ ಬಂದವರಿಗೆ ಹೇಳಬೇಕು. ಇಲ್ಲಿಯ ಮನೆಗಳಿಗೆ ಎರಡು ಗೋಡೆ. ಹೊರಗೆ ಇಟ್ಟಿಗೆಯದು, ಒಳಗೆ ಮರದ ಚೌಕಟ್ಟಿಗೆ ಹೊಡೆದ ತೆಳು ಹಲಗೆಯದು. ನಡುವೆ ನಾಲ್ಕು ಬೆರಳು ಖಾಲಿ. ಹಳೇ ಮನೆಗಳಲ್ಲಿ ಚಳಿ ಆ ಸಂದಿನಲ್ಲೇ ಕೂತಿರುತ್ತದೆ. ಹೀಟರ್ ಎಷ್ಟು ಹಾಕಿದರೂ ಅಷ್ಟೇ. ಇವನು ಹೊರಗಿನಿಂದ ಇಟ್ಟಿಗೆಗಳ ನಡುವೆ ತೂತು ಕೊರೆದು, ಕೊಳವೆ ತೂರಿಸಿ, ಕಲ್ಲು ಕರಗಿಸಿ ನೂಲು ತೆಗೆದು ಮಾಡಿದ ಅರಳೆಯನ್ನು ಮೆಷಿನ್ನಿನಿಂದ ಊದಿ ಆ ಸಂದು ತುಂಬುತ್ತಿದ್ದ. ತುಂಬಿದ ಮೇಲೆ ತಾನು ಕೊರೆದ ತೂತನ್ನು ಸಿಮೆಂಟು ಮೆತ್ತಿ, ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ಮುಚ್ಚುತ್ತಿದ್ದ.

ಅವನು ಈ ದೇಶಕ್ಕೆ ಬಂದದ್ದು ಅಡುಗೆ ಕೋರ್ಸಿಗೆ. ಆಗ ಅಡುಗೆ ಕಲಿತವರಿಗೆ ಪಿಆರ್, ಅಂದರೆ ಇಲ್ಲೇ ಉಳಿಯುವ ಪರವಾನಗಿ, ಸುಲಭ ಅಂತ ಎಷ್ಟೋ ಹುಡುಗರು ಬಂದರು. ಪಿಆರ್ ಸಿಕ್ಕಿದ ದಿನವೇ ಸೌಟು ಕೆಳಗಿಟ್ಟನಂತೆ. ಐಟಿ ಹುಡುಗರು, ಗೋಡೆಗೆ ಒಗ್ಗರಣೆ ಹಾಕೋನು ಅಂತ ಆಡಿಕೊಳ್ಳುತ್ತಿದ್ದರು, ಅವನ ಎದುರಿಗೇ. ಅವನೂ ಬಿಡುತ್ತಿರಲಿಲ್ಲ. ನೀವು ಎಂಟು ತಾಸು ಕುರ್ಚಿ ಬೆಚ್ಚಗ ಮಾಡ್ತೀರಿ, ನಾ ಮನಿ ಬೆಚ್ಚಗ ಮಾಡ್ತೀನಿ, ಇಬ್ಬರದೂ ಒಂದ ಧಂದೆ ಅನ್ನುತ್ತಿದ್ದ.

ಡಾಕ್‌ಲ್ಯಾಂಡ್ಸಿನಲ್ಲಿ ಕೆಲಸಕ್ಕಿದ್ದ ಗಂಡ ಹೆಂಡತಿ ಇಬ್ಬರ ಮನೆಗೆ ಒಮ್ಮೆ ತುಂಬಿದ್ದ. ಆಮೇಲೂ ಮನೆ ತಣ್ಣಗೇ ಇದೆ ಅಂತ ಆ ಹುಡುಗಿ ಮತ್ತೆ ಕರೆಸಿದಳು. ಇವನು ಎಲ್ಲ ಗೋಡೆ ಬಡಿದು ನೋಡಿ, ಸೋಫಾದ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತಿದ್ದ ಅವರ ಕಡೆ ತಿರುಗಿ, ಗ್ವಾಡಿ ತುಂಬೇನಿ, ಮನಿ ತುಂಬೂದು ನನ್ನ ಕೆಲಸಲ್ಲ ಅಂದನಂತೆ. ವರ್ಷ ತುಂಬುವುದರೊಳಗೆ ಅವರು ಬೇರೆಯಾದರು. ಅದನ್ನು ಅವನು ನಾಲ್ಕು ಜನರ ಮುಂದೆ, ನಾ ಆಗಲೇ ಹೇಳಿದ್ನಿ ಅಂತ ಜಂಬದಿಂದ ಹೇಳಿಕೊಂಡು ತಿರುಗಿದ. ಅಂಥವನು. ಅವನಿಗೆ ಕಷ್ಟ ಬಂದಾಗ ಒಬ್ಬರೂ ಪರವಾಗಿ ನಿಲ್ಲದಿದ್ದುದಕ್ಕೆ ಇದೂ ಒಂದು ಕಾರಣ.

ಏಳು ವರ್ಷದ ಹಿಂದೆ ನನ್ನ ಮಗ ಗ್ಲೆನ್ ವೇವರ್ಲಿಯಲ್ಲಿ ಹಳೇ ಮನೆ ತಗೊಂಡ. ಸ್ಕೂಲು ಚೆನ್ನಾಗಿದೆ ಅಂತ ತಗೊಂಡದ್ದು, ಮನೆ ಚೆನ್ನಾಗಿದೆ ಅಂತಲ್ಲ. ಮೊದಲ ಚಳಿಗಾಲದಲ್ಲಿ ಹಾಸಿಗೆ ಮುಟ್ಟಿದರೆ ಒದ್ದೆ ಅನ್ನಿಸುವಷ್ಟು ತಣ್ಣಗಿರುತ್ತಿತ್ತು. ಸೊಸೆ ಎರಡನೆಯದಕ್ಕೆ ಬಸುರಿ. ಮಗ ಗ್ರೂಪಿನಲ್ಲಿ ಕೇಳಿದ, ಎಲ್ಲರೂ ಗ್ವಾಡಿಯವನನ್ನೇ ಹೇಳಿದರು. ಬಾಯಿ ಸಹಿಸಿಕೊ, ಕೆಲಸ ಚೆನ್ನಾಗಿ ಮಾಡ್ತಾನೆ ಅಂತ ಬರೆದಿದ್ದರಂತೆ.

ಬಂದವನು ನಮಸ್ಕಾರ ಹೇಳಲಿಲ್ಲ. ಒಳಗಿನ ಗೋಡೆಯನ್ನು ಗೆಣ್ಣಿನಿಂದ ಬಡಿದು ಕಿವಿಗೊಟ್ಟ, ತಿಪಟೂರಿನ ಮಾರುಕಟ್ಟೆಯಲ್ಲಿ ತೆಂಗಿನಕಾಯಿ ಬಡಿದು ನೋಡುವವರ ಹಾಗೆ. ಆಮೇಲೆ ಜ್ವರ ನೋಡುವ ಹಾಗೆ ಹಿಂಗೈ ಇಟ್ಟ. ಒಳಗ ಗಾಳಿ ಸಂಸಾರ ಹೂಡೈತಿ ಅಂದ. ಯಾರ ಪೈಕಿಯಪ್ಪ ನೀನು ಅಂತ ನಾನು ಕೇಳಿದೆ. ನಮ್ಮ ಕಾಲದವರು ಕೇಳುವ ಪ್ರಶ್ನೆ ಅದು, ಯಾಕೆ ಕೇಳುತ್ತಾರೆ ಅಂತ ಅವನಿಗೂ ಗೊತ್ತು.

"ಗ್ವಾಡಿ ಪೈಕಿ, ಅಮ್ಮಾರ," ಅಂದ. "ಒಳಗಿನಾವಲ್ಲ, ಹೊರಗಿನಾವಲ್ಲ. ನಡುವಿನಾವ."

ಮಧ್ಯಾಹ್ನ ಅವನಿಗೆ ಊಟ ಹಿತ್ತಲ ಮೆಟ್ಟಿಲ ಮೇಲೆ ಕೊಟ್ಟೆ, ಬಿಸಾಡುವ ಪ್ಲೇಟಿನಲ್ಲಿ. ಅರಳೆ ಮೈಯವನು ಒಳಗೆ ಬಂದರೆ ಬಸುರಿಗೆ ಆಗುವುದಿಲ್ಲ ಅಂತ ಹೇಳಿದೆ, ಅದು ಅರ್ಧ ನಿಜ. ಅವನು ಅನ್ನ, ಹುಳಿ, ಪಲ್ಯ ಎಲ್ಲ ಒಂದಗುಳು ಬಿಡದೆ ತಿಂದ. ಬಿಸಾಡಬೇಕಾದ ಆ ಪ್ಲೇಟನ್ನು ನಲ್ಲಿಯಲ್ಲಿ ಉಜ್ಜಿ ಉಜ್ಜಿ ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿ, ನಾಳೆ ಇದರಾಗ ಹಾಕ್ರಿ, ನಿಮ್ಮ ಮನಿ ಸಾಮಾನು ಮೈಲಿಗಿ ಆಗೂದು ಬ್ಯಾಡ ಅಂದ. ನನಗೆ ನಾಚಿಕೆಯಾಗಲಿ ಅಂತ ಅಂದದ್ದು. ಮಾರನೇ ದಿನ ನಾನು ಅದರಲ್ಲೇ ಹಾಕಿ ಕೊಟ್ಟೆ. ಪ್ಲೇಟು ನೋಡಿದ, ನನ್ನ ಮುಖ ನೋಡಿದ, ಕೂತು ತಿಂದ.

ಮೂರನೇ ದಿನ ಕೆಲಸ ಮುಗಿಯಿತು. ಹೋಗುವ ಮುಂಚೆ ಮಗನನ್ನು ಹೊರಗೆ ಕರೆದು ಗೋಡೆಯ ಬುಡ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಬುಡದ ಸಾಲಿನಲ್ಲಿ ಅಲ್ಲಲ್ಲಿ ಎರಡು ಇಟ್ಟಿಗೆಗಳ ನಡುವೆ ಸಿಮೆಂಟು ಇಲ್ಲದ ಸೀಳು ಇದ್ದವು. ಮಗ ಕಿವಿಗೆ ಫೋನು ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದ, ತಲೆ ಆಡಿಸಿದ. ಅವನ ಮಾತಿನಲ್ಲಿ ವೀಪ್ ಹೋಲ್ ಅನ್ನುವುದು ಎರಡು ಮೂರು ಸಲ ಬಂತು. ಅದೊಂದು ನನ್ನ ಕಿವಿಯಲ್ಲಿ ನಿಂತಿತು.

ಸಂಜೆ ಮೊಮ್ಮಗಳು ಸ್ಕೂಲಿನಿಂದ ಬಂದಳು. ಅವಳಿಗೆ ಆಗ ಎಂಟು ವರ್ಷ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುವವಳು. ವೀಪ್ ಅಂದರೇನೇ ಅಂತ ಕೇಳಿದೆ. ಕ್ರೈಯಿಂಗ್ ಅಜ್ಜಿ ಅಂತ ಕಣ್ಣುಜ್ಜಿಕೊಂಡು ತೋರಿಸಿದಳು.

ಅಳುವ ತೂತು. ಎಣಿಸಿದೆ, ಮನೆ ಸುತ್ತ ಹನ್ನೊಂದು. ಮುಂದಿನ ಭಾನುವಾರ ಸೊಸೆಯ ಸೀಮಂತ, ಒಳಗೆ ಏಳು ತಿಂಗಳ ಬಸುರಿ, ಗೋಡೆಗೆ ಹನ್ನೊಂದು ಕಡೆ ಅಳುವುದಕ್ಕೆ ಜಾಗ. ಇಂಥ ಹೆಸರಿನದನ್ನು ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ ಅಂತ ನನಗೆ ಅನ್ನಿಸಿತು. ಮಗನಿಗೆ ಹೇಳಿದರೆ ನಗುತ್ತಾನೆ, ಆಮೇಲೆ ಬೈಯುತ್ತಾನೆ. ಕೇಳಲಿಲ್ಲ. ಲೆಟರ್ ಬಾಕ್ಸಿನ ಕಂಬ ನಿಲ್ಲಿಸಲು ತಂದ ಸಿಮೆಂಟು ಗರಾಜಿನಲ್ಲಿ ಮಿಕ್ಕಿತ್ತು. ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ಹಳೇ ಬೋಗುಣಿಯಲ್ಲಿ ಕಲಸಿಕೊಂಡು, ಎರಡು ಮಧ್ಯಾಹ್ನ ಕುಕ್ಕರುಗಾಲಿನಲ್ಲಿ ಕೂತು ಹನ್ನೊಂದನ್ನೂ ಮುಚ್ಚಿದೆ. ಬೆರಳಿನಲ್ಲೇ ತುಂಬಿ ಬೆರಳಿನಲ್ಲೇ ಸವರಿದೆ. ಎದುರಿಗೆ ದೊಡ್ಡಪತ್ರೆ ಕುಂಡ, ಒಂದೆಲಗದ ಕುಂಡ ಸಾಲಾಗಿ ಇಟ್ಟೆ. ಸೀಮಂತಕ್ಕೆ ಬಂದವರು ಕುಂಡಗಳು ಚೆನ್ನಾಗಿವೆ ಆಂಟಿ ಅಂದರು.

ಮನೆ ಬೆಚ್ಚಗಾಯಿತು. ಅವನು ಹೇಳಿದ ಹಾಗೇ ಆಯಿತು, ಹೀಟರ್ ಅರ್ಧ ದಿನ ಸಾಕಾಯಿತು. ಗಂಡು ಮಗು ಹುಟ್ಟಿತು.

ಮುಂದಿನ ಚಳಿಗಾಲದಲ್ಲಿ ಮಗುವಿನ ತೊಟ್ಟಿಲ ಹಿಂದಿನ ಗೋಡೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಕಾಣಿಸಿತು. ಒರೆಸಿದರೆ ನಾಲ್ಕು ದಿನಕ್ಕೆ ಮತ್ತೆ. ರೂಮಿನಲ್ಲಿ ಒಗೆದು ಒಣಗದ ಬಟ್ಟೆಯ ವಾಸನೆ. ಮಗುವಿಗೆ ಎದೆ ಗೊರಗೊರ ಶುರುವಾಯಿತು, ಆ ಪುಟ್ಟ ಮುಖಕ್ಕೆ ಉಸಿರಿನ ಔಷಧಿ ಊದುವ ಪಫರ್ ಹಿಡಿಯುವ ಹಾಗಾಯಿತು. ಡಾಕ್ಟರು ಮನೆಯಲ್ಲಿ ಬೂಸಲು ಇದೆಯಾ ಅಂತ ಕೇಳಿದರಂತೆ. ಮಗ ಬಂದವನೇ ಗೋಡೆಗೆ ಗುದ್ದಿದ, ಹಲಗೆ ಒಳಗೆ ಹೋಯಿತು. ಅಷ್ಟು ಮೆತ್ತಗಾಗಿತ್ತು.

ಆಗ ನನಗೆ ಏನೂ ಹೊಳೆದಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಪೂರ್ತಿ ಹೊಳೆದಿತ್ತು ಅಂದರೂ ಸುಳ್ಳು. ಒಂದು ದಿನ ಕುಂಡ ಸರಿಸಿ ತರಕಾರಿ ಚಾಕುವಿನಿಂದ ಸಿಮೆಂಟು ಕೆರೆದು ನೋಡಿದೆ. ಚಾಕುವಿನ ತುದಿ ಮುರಿಯಿತು. ಕುಂಡ ಮತ್ತೆ ಅಲ್ಲೇ ಇಟ್ಟೆ.

ಮಗ ಗ್ವಾಡಿಯವನನ್ನು ಒಂದು ಭಾನುವಾರ ಕರೆಸಿದ. ಸಾಕ್ಷಿಗೆ ಅಂತ ಗ್ರೂಪಿನವರು ಮೂವರನ್ನು ಮೊದಲೇ ಕರೆಸಿ ಕೂರಿಸಿದ್ದ. ಅವರಲ್ಲಿ ಇಬ್ಬರು ಅವನ ಹತ್ತಿರ ಕೆಲಸ ಮಾಡಿಸಿಕೊಂಡಿದ್ದವರು, ಇನ್ನೊಬ್ಬ ಚಡ್ಡಿಯಲ್ಲಿ ಬಂದಿದ್ದ ಮನುಷ್ಯ ಮಾಡಿಸಿಕೊಳ್ಳುವವನಿದ್ದ. ಗ್ವಾಡಿಯವನು ರೂಮಿಗೆ ಹೋಗಿ ಗೋಡೆ ಮೂಸಿದ. ಹೊರಗೆ ಹೋದ. ಕುಂಡಗಳನ್ನು ಒಂದೊಂದಾಗಿ ಎತ್ತಿಡುವ ಸದ್ದು ನನಗೆ ಒಳಗೆ ಕೇಳುತ್ತಿತ್ತು. ಆಮೇಲೆ ಎಲ್ಲರನ್ನೂ ಕೂಗಿ ಕರೆದ. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ.

ಇವನ್ನು ಮುಚ್ಚಿದವರು ಯಾರು ಅಂತ ಕೇಳಿದ. ಮಗ, ನೀನೇ, ನಿನ್ನ ತೂತು ಮುಚ್ಚುವಾಗ ಇದನ್ನೂ ಮುಚ್ಚಿದ್ದೀಯ, ಅದೇ ಬಣ್ಣದ ಸಿಮೆಂಟು ಅಂದ. ಮೂವರೂ ಹೂಂಗುಟ್ಟಿದರು. ನೋಡುವವರಿಗೆ ಹಾಗೇ ಕಾಣುತ್ತಿತ್ತು.

ಅವನು ಕುಕ್ಕರುಗಾಲಿನಲ್ಲಿ ಕೂತ, ನಾನು ಕೂತಿದ್ದ ಜಾಗದಲ್ಲೇ. ಸಿಮೆಂಟಿನ ಮೇಲೆ ಸವರಿದ ಗೆರೆಗಳು ಒಣಗಿ ನಿಂತಿದ್ದವು. ಆ ಗೆರೆಗಳ ಮೇಲೆ ತನ್ನ ಬೆರಳು ಇಟ್ಟು ನೋಡಿದ.

"ನನ್ನ ಬೆರಳು ಇದರಾಗ ಕುಂದ್ರಂಗಿಲ್ಲ ನೋಡ್ರಿ," ಅಂದ. "ಇದು ಕರಣಿ ಕೆಲಸಲ್ಲ. ಇದು ಒಲಿ ಸಾರಿಸಿದ ಕೈ."

ಚಡ್ಡಿಯವನು ನಕ್ಕುಬಿಟ್ಟ. ಈಗ ಬೆರಳಚ್ಚು ಬೇರೆ ನೋಡ್ತಾನೆ ಅಂದ. ಆ ನಾಲ್ವರಲ್ಲಿ ಒಬ್ಬನೂ ಸೌದೆ ಒಲೆ ಇದ್ದ ಅಡುಗೆಮನೆಯಲ್ಲಿ ಬೆಳೆದವನಲ್ಲ. ಸಾರಿಸುವವಳ ಕೈ ಹೇಗೆ ತಿರುಗುತ್ತದೆ, ಕೊನೆಗೆ ಹೆಬ್ಬೆರಳು ಹೇಗೆ ಒಂದು ಬಿಲ್ಲು ಎಳೆದು ಬಿಡುತ್ತದೆ ಅನ್ನುವುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವನು ತಲೆ ಎತ್ತಿ ನನ್ನ ಕೈ ನೋಡಿದ, ಮಗುವಿನ ಬೆನ್ನ ಮೇಲಿದ್ದ ಕೈಯನ್ನು.

"ಅಮ್ಮಾರ, ನೀವ ಹೇಳ್ರಿ," ಅಂದ. "ಇದು ನನ್ನ ಹೊಟ್ಟಿ ಪ್ರಶ್ನೆ."

ಮಗುವಿನ ಎದೆ ನನ್ನ ಹೆಗಲ ಮೇಲೆ ಗೊರ ಅನ್ನುತ್ತಿತ್ತು. ಸೊಸೆ ನನ್ನ ಹಿಂದೆಯೇ ನಿಂತಿದ್ದಳು.

"ನಂಗೇನಪ್ಪ ಗೊತ್ತು," ಅಂದೆ. "ನಾನು ಒಳಗಿರೋಳು."

ಯಾಕೆ ಹಾಗಂದೆ ಅಂತ ಸುತ್ತಿ ಬಳಸಿ ಹೇಳುವುದಿಲ್ಲ. ಮಗುವಿನ ಎದೆ ನನ್ನಿಂದ ಕೆಟ್ಟಿತು ಅಂತ ಗೊತ್ತಾದರೆ ಸೊಸೆ ಆ ಮಗುವನ್ನು ಮತ್ತೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಮಗುವನ್ನು ನೋಡಿಕೊಳ್ಳುವುದು ಬಿಟ್ಟರೆ ಆ ಮನೆಯಲ್ಲಿ ನನಗೆ ಬೇರೆ ಏನು ಕೆಲಸ ಇತ್ತು. ಅವನ ಹೊಟ್ಟೆಯೋ ನನ್ನ ಜಾಗವೋ ಅಂತ ಬಂದಾಗ ನನ್ನ ಜಾಗ ನೋಡಿಕೊಂಡೆ.

ಅವನು ಅವರ ಹತ್ತಿರ ಮತ್ತೆ ವಾದ ಮಾಡಲಿಲ್ಲ. ವ್ಯಾನಿನಿಂದ ಸುತ್ತಿಗೆ, ಉಳಿ ತಂದು, ಹನ್ನೊಂದನ್ನೂ ಒಡೆದು ತೆಗೆದ. ಗೋಡೆಯ ಸಂದಿಗೆ ಇಳಿದ ಮಳೆ ನೀರು ಹೊರಗೆ ಹೋಗಲಿ ಅಂತ ಬಿಟ್ಟ ದಾರಿಗಳಂತೆ ಅವು. ತೊಟ್ಟಿಲ ರೂಮಿನ ಹೊರಗಿನ ಎರಡರಿಂದ ಕಪ್ಪು ನೀರು ಬಂತು, ದನ ಉಚ್ಚೆ ಹೊಯ್ದ ಹಾಗೆ ಸುಮಾರು ಹೊತ್ತು ಬಂತು. ಅದೇ ಅವನಿಗೆ ಮುಳುವಾಯಿತು. ತಪ್ಪು ಮಾಡದವನು ಯಾಕೆ ಸುಮ್ಮನೆ ರಿಪೇರಿ ಮಾಡಿಕೊಟ್ಟು ಹೋಗುತ್ತಾನೆ ಅಂತ ಮೂವರೂ ಕಾಫಿ ಕುಡಿಯುತ್ತಾ ತೀರ್ಮಾನ ಮಾಡಿದರು. ಮಗ ಕಪ್ಪು ಗೋಡೆಯ ಫೋಟೋ, ಮಗುವಿನ ಮುಖಕ್ಕೆ ಪಫರ್ ಹಿಡಿದಿರುವ ಫೋಟೋ ಎರಡೂ ಗ್ರೂಪಿಗೆ ಹಾಕಿ ಉದ್ದಕ್ಕೆ ಬರೆದ. ಎಲ್ಲರೂ ಅಯ್ಯೋ ಪಾಪ ಅಂತ ಬರೆದರು. ಪಾಪ ಅಂದದ್ದು ಮಗುವಿಗೆ.

ಅವನಿಗೆ ಕೆಲಸ ಸಿಗುತ್ತಿದ್ದದ್ದೆಲ್ಲ ನಮ್ಮವರ ಬಾಯಿಂದ ಬಾಯಿಗೆ. ತೆಲುಗರಿಗೆ, ಗುಜರಾತಿಗಳಿಗೆ ಹೇಳಿ ಕಳಿಸುತ್ತಿದ್ದವರೂ ನಮ್ಮವರೇ. ಅದೇ ಬಾಯಿಂದ ಹೋಯಿತು. ಬುಕ್ ಮಾಡಿದ್ದವರು ಆ ವಾರವೇ ಬೇಡ ಅಂದರು. ಹಳೆಯ ಮನೆಗಳವರು ಕೂಡ, ಒಂದು ತೊಂದರೆಯೂ ಇಲ್ಲದವರು, ಬಂದು ನೋಡು ಅಂತ ಕರೆಸಿ ಬೈದು ಕಳಿಸಿದರು. ಅವನ ನಾಲಿಗೆಯಿಂದ ಉರಿಸಿಕೊಂಡಿದ್ದವರಿಗೆಲ್ಲ ಅದು ಹಬ್ಬ. ವರ್ಷದೊಳಗೆ ವ್ಯಾನು ಮಾರಿ ಸಿಡ್ನಿಗೆ ಹೋದ, ಅಲ್ಲಿ ಇನ್ನೊಬ್ಬನ ಕೈಕೆಳಗೆ ಇದೇ ಕೆಲಸಕ್ಕೆ. ಹೆಂಡತಿ ಇಲ್ಲೇ ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದಳು, ಮಗಳು ಇಲ್ಲೇ ಸ್ಕೂಲಿನಲ್ಲಿ. ಅವರು ಹೋಗಲಿಲ್ಲ. ನಮ್ಮ ಗೋಡೆ ಎರಡು ತಿಂಗಳಲ್ಲಿ ತಾನಾಗಿ ಒಣಗಿತು. ಮಗುವಿನ ಎದೆಯೂ ಸರಿಹೋಯಿತು. ಯಾಕೆ ಸರಿಹೋಯಿತು ಅಂತ ಯಾರೂ ಕೇಳಲಿಲ್ಲ.

ನಾನು ಅವನನ್ನು ಇನ್ನೊಮ್ಮೆ ನೋಡಿದ್ದು ಹೋದ ವರ್ಷ, ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಅಲ್ಲಿ ನನ್ನ ಮಗಳ ಮನೆ. ಹೊಸ ಮನೆ, ಗೋಡೆ ಎಲ್ಲ ಕಟ್ಟುವಾಗಲೇ ತುಂಬಿರುತ್ತಾರೆ, ಗರಾಜಿನ ಗೋಡೆ ಮಾತ್ರ ಬಿಟ್ಟಿರುತ್ತಾರೆ. ನಾನು ಹೋದಾಗ ಇರಲಿ ಅಂತ ಮಗಳು ಗರಾಜನ್ನು ರೂಮು ಮಾಡಿಸುತ್ತಿದ್ದಳು. ತುಂಬಲು ಇಬ್ಬರು ಬಂದರು. ಒಬ್ಬ ಲೆಬನಾನಿನವನು, ಇನ್ನೊಬ್ಬ ಇವನು. ಸೊರಗಿದ್ದ. ಎರಡು ಮಾತಿಗೊಮ್ಮೆ ಕೆಮ್ಮು. ಮಗಳಿಗೆ ಹಳೆಯದೇನೂ ಗೊತ್ತಿಲ್ಲ. ನಮ್ಮ ಕನ್ನಡದವರೇ ಕಣಮ್ಮ ಅಂತ ಖುಷಿಯಲ್ಲಿ ನನ್ನನ್ನು ಎದುರಿಗೆ ತಂದು ನಿಲ್ಲಿಸಿದಳು.

ನಿಮ್ಮ ತಾಯಿಯವರಿಗೆ ಗ್ವಾಡಿ ಕೆಲಸ ಚಲೋ ಗೊತ್ತೈತಿ, ನನಗಿಂತ ಗಟ್ಟಿ ಮೆತ್ತತಾರ ಅಂತ ಅವನು ಅವಳಿಗೆ ಹೇಳಿದ. ಅವಳು ತಮಾಷೆ ಅಂದುಕೊಂಡು ನಕ್ಕಳು. ನಾನು ಕಾಫಿ ಕೊಟ್ಟೆ, ಸ್ಟೀಲ್ ಲೋಟದಲ್ಲಿ. ಅವನು ಅದನ್ನು ಕಿಟಕಿಯ ಮೇಲೆ ಇಟ್ಟು, ಕೆನೆ ಕಟ್ಟುವ ತನಕ ಬಿಟ್ಟು, ನನ್ನ ಎದುರಿಗೇ ಹೂವಿನ ಪಾತಿಗೆ ಚೆಲ್ಲಿದ.

ಇನ್ನೊಬ್ಬ ವ್ಯಾನಿನ ಹತ್ತಿರ ಹೋದಾಗ ಮುಖದ ಮಾಸ್ಕು ಇಳಿಸಿಕೊಂಡು ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನನಗೂ ಎದುರು ಮಾತು ಬರುತ್ತಿತ್ತು.

"ಅಮ್ಮಾರ, ನನ್ನ ಮಗಳು ಈಗ ಹನ್ನೆರಡನೇ ಇಯತ್ತೆ," ಅಂದ. "ವರ್ಷಕ್ಕ ಎರಡು ಸಲ ನೋಡ್ತೇನಿ. ನಾ ಮೆಲ್ಬರ್ನಿಗೆ ತಿರುಗಿ ಬರಬೇಕಂದ್ರ ಅಲ್ಲಿ ನನ್ನ ಹೆಸರು ತೊಳೀಬೇಕು. ನಿಮ್ಮ ಮಗಗ ಒಂದು ಮಾತು ಹೇಳ್ರಿ. ನನ್ನ ಮುಂದ ಬ್ಯಾಡ. ನೀವಿಬ್ಬರ ಇದ್ದಾಗ ಹೇಳ್ರಿ. ಅವರು ಗ್ರೂಪಿನಾಗ ಒಂದು ಸಾಲು ಬರದ್ರ ಸಾಕು."

ಹೇಳ್ತೀನಿ ಹೋಗಪ್ಪ ಅಂದೆ. ಅವನು ನಂಬಿದನೋ ಇಲ್ಲವೋ, ಮಾಸ್ಕು ಏರಿಸಿಕೊಂಡು ಕೆಲಸಕ್ಕೆ ಹೋದ. ಆ ಗರಾಜಿನ ರೂಮಿನಲ್ಲಿ ನಾನು ಒಂದು ತಿಂಗಳು ಮಲಗಿದೆ. ಬೆಚ್ಚಗಿತ್ತು.

ಮೆಲ್ಬರ್ನಿಗೆ ವಾಪಸು ಬಂದೆ. ಮಗನಿಗೆ ಆಗ ಆಫೀಸಿನಲ್ಲಿ ಏನೋ ತಲೆನೋವು, ಈಗ ಬೇಡ ಅಂದುಕೊಂಡೆ. ಆಮೇಲೆ ಮೊಮ್ಮಗನ ಹುಟ್ಟುಹಬ್ಬ. ಆಮೇಲೆ ದೀಪಾವಳಿ, ಮನೆ ತುಂಬ ಜನ. ಆಮೇಲೆ ಸೊಸೆಯ ತಾಯಿ ಬಂದು ಮೂರು ತಿಂಗಳು ಇದ್ದಳು, ಅವಳೆದುರು ನಾನು ಸಣ್ಣವಳಾಗುವುದಕ್ಕೆ ಇಷ್ಟವಿರಲಿಲ್ಲ. ಕಾರಣ ಹುಡುಕಿದರೆ ದಿನಕ್ಕೊಂದು ಸಿಗುತ್ತದೆ. ಹತ್ತು ತಿಂಗಳು ಹೀಗೇ ಹೋಯಿತು.

ಗ್ವಾಡಿಯವನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮೆಷಿನ್ನನ್ನು ವ್ಯಾನಿಗೆ ಎತ್ತುವಾಗ ಕುಸಿದನಂತೆ. ಅವನಿದ್ದದ್ದು ನಾಲ್ಕು ಜನ ಸೇರಿ ರೆಂಟಿಗೆ ಹಿಡಿದ ಮನೆ. ಇನ್ನು ಮೂವರು ಆಗಲೇ ಕೆಲಸಕ್ಕೆ ಹೋಗಿದ್ದರು. ಸುದ್ದಿ ಓದಿ ಮುಗಿಸಿದ ಮಗ ತಾನೂ ಅದರ ಕೆಳಗೆ ಓಂ ಶಾಂತಿ ಅಂತ ಒತ್ತಿದ. ಕೈಮುಗಿದ ಚಿತ್ರವನ್ನೂ ಹಾಕಿದ. ಅದನ್ನು ನೋಡಿದ ಮೇಲೆ ಹೇಳಿದೆ, ಊಟದ ಟೇಬಲ್ಲಿನಲ್ಲಿ. ವೀಪ್ ಹೋಲಿನಿಂದ ಹಿಡಿದು ಕೆಲ್ಲಿವಿಲ್‌ ತನಕ.

ಮಗ ತಟ್ಟೆ ಪಕ್ಕಕ್ಕೆ ಸರಿಸಿದ. ಈಗ ಯಾಕಮ್ಮ ಹೇಳ್ತಿದ್ದೀಯ ಅಂದ. ಅವತ್ತು ಗ್ರೂಪಿನಲ್ಲಿ ಬರೆದೆಯಲ್ಲ, ಇದನ್ನೂ ಅಲ್ಲೇ ಬರಿ ಅಂದೆ.

"ಏನಂತ ಬರೀಲಿ? ನಮ್ಮಮ್ಮ ಸುಳ್ಳು ಹೇಳಿದ್ಳು, ನಾನು ಅದನ್ನ ನಂಬಿ ಒಬ್ಬನ ಬದುಕು ಹಾಳ್ ಮಾಡ್ದೆ ಅಂತಾನಾ? ಅವರೆಲ್ಲ ನನ್ನ ಜೊತೆ ಕೆಲಸ ಮಾಡೋರು ಅಮ್ಮ. ಸತ್ತೋರಿಗೆ ಅದರಿಂದ ಏನಾಗ್ಬೇಕು. ಬಿಟ್ಬಿಡು. ಇನ್ನೊಂದ್ಸಲ ಈ ಮಾತು ಎತ್ತಬೇಡ."

ಅಡುಗೆಮನೆಯಲ್ಲಿದ್ದ ಸೊಸೆ ಎಲ್ಲ ಕೇಳಿಸಿಕೊಂಡಳು. ಬಂದು ನನ್ನ ಪಕ್ಕ ಕೂತು ಉಣ್ಣುತ್ತಿದ್ದ ಹುಡುಗನನ್ನು ತಟ್ಟೆ ಸಮೇತ ಎಬ್ಬಿಸಿಕೊಂಡು ಒಳಗೆ ಹೋದಳು. ಆರು ವರ್ಷ ಏನಾಗುತ್ತದೆ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಅಷ್ಟರಲ್ಲೇ ಆಗಿಹೋಯಿತು. ಈಗ ಅವನನ್ನು ಸ್ಕೂಲಿನ ನಂತರ ನೋಡಿಕೊಳ್ಳುವ ಜಾಗಕ್ಕೆ ಹಾಕಿದ್ದಾರೆ.

ಗ್ವಾಡಿಯವನ ಹೆಂಡತಿಯ ನಂಬರು ಸಂಘದ ಹೆಂಗಸೊಬ್ಬಳಿಂದ ಇಸಿದುಕೊಂಡು ನಾನೇ ಫೋನ್ ಮಾಡಿದೆ. ಯಾರು ಅಂದಳು. ಗ್ಲೆನ್ ವೇವರ್ಲಿ ಮನೆಯವಳು ಅಂದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಕೊಡಬೇಕೋ ಬೇಡವೋ ಅಂತ ಯೋಚನೆ ಮಾಡಬೇಕಾಗುತ್ತದೆ, ಗಂಡ ಸತ್ತು ಒಂಬತ್ತನೇ ದಿನ ಅವಳ ತಲೆಗೆ ಅದೊಂದು ಯಾಕೆ.

"ಅವರಿಗೂ ಗೊತ್ತಿತ್ರಿ, ನನಗೂ ಗೊತ್ತಿತ್ರಿ," ಅಂದಳು. "ಅವತ್ತ ಮನಿಗೆ ಬಂದು ಹೇಳಿದ್ರು, ಮುದುಕಿ ಕೈ ಅದು ಅಂತ. ಸಿಡ್ನಿಯಾಗ ನೀವು ಸಿಕ್ಕಿದ್ದೂ ಹೇಳಿದ್ರು. ಆಮ್ಯಾಲೆ ದಿನಾ ಫೋನ್ ಮಾಡಿದಾಗೊಮ್ಮೆ ಕೇಳ್ತಿದ್ರು, ಗ್ರೂಪಿನಾಗ ಏನರ ಬಂತೇನು ಅಂತ. ಗೊತ್ತಿದ್ದವರಿಗೆ ಫೋನ್ ಮಾಡಿ ಏನ್ ಹೇಳ್ತೀರಿ. ಗೊತ್ತಿಲ್ಲದವರಿಗೆ ಹೇಳ್ರಿ."

ಫೋನ್ ಇಟ್ಟಳು.

ಗೊತ್ತಿಲ್ಲದವರು ಅಂದರೆ ನೀವು. ಆ ವಾರ ಅವನ ಕೆಲಸ ಬೇಡ ಅಂದವರು, ಏನೂ ಆಗದ ಮನೆಗೆ ಕರೆಸಿ ಬೈದವರು, ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದು ತೀರ್ಮಾನ ಮಾಡಿದ ಮೂವರು. ಮಗ ಈ ಸಂಚಿಕೆ ತರಿಸುತ್ತಾನೆ, ಅವನೂ ಓದಲಿ. ಗ್ವಾಡಿಯವನು ನಮ್ಮ ಗೋಡೆ ಸರಿಯಾಗಿ ತುಂಬಿದ್ದ. ಕೆಡಿಸಿದವಳು ನಾನು.